ಕೇಳಿ ತೆಗೆದ ಪಟಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಫೋಟೋ ತೆಗೆಯುವ ಮೊದಲು ಎದುರಿನವರನ್ನು ಕೇಳಬೇಕಾ, ಬೇಡವಾ? ನಮ್ಮಂಥ ಹವ್ಯಾಸಿಗಳು ನಾಲ್ಕು ಜನ ಸೇರಿದರೆ ಈ ಚರ್ಚೆ ಬಂದೇ ಬರುತ್ತದೆ. ಕೇಳಿದರೆ ಜನ ಸೆಟೆದು ನಿಲ್ಲುತ್ತಾರೆ, ಮುಖದಲ್ಲಿ ಇದ್ದದ್ದು ಹೋಗಿಬಿಡುತ್ತದೆ, ಹಾಗಾಗಿ ಗೊತ್ತಾಗದ ಹಾಗೆ ತೆಗೆಯಬೇಕು ಎನ್ನುವವರೇ ಜಾಸ್ತಿ. ನಾನು ಆ ಕಡೆಯವಳಲ್ಲ. ಉಡುಪಿಯವಳು, ಬ್ಯಾಂಕಿನಲ್ಲಿ ಕೆಲಸ, ರಜೆ ಸಿಕ್ಕಿದಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಇಷ್ಟು ವರ್ಷದಲ್ಲಿ ತೆಗೆದದ್ದರಲ್ಲಿ ನನಗೆ ತುಂಬ ಇಷ್ಟವಾದವು ಯಾವುವು ಎಂದು ಕೇಳಿದರೆ, ಅವೆಲ್ಲವೂ ಕೇಳಿ ತೆಗೆದ ಪಟಗಳೇ.

ಕಡಲ ಬದಿಯಲ್ಲಿ ಇದ್ದುಕೊಂಡು ಸೂರ್ಯಾಸ್ತದ ಫೋಟೋ ತೆಗೆಯದವರು ಯಾರಿದ್ದಾರೆ? ನನ್ನಲ್ಲೂ ಇವೆ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ, ಅದರ ಆಚೆ ಮುಳುಗುವ ಸೂರ್ಯ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣಿದು ಕುಗ್ಗಿ ಬಿರುಕುಬಿಟ್ಟು ಆದ ಕಂಬಗಳು ಅವು. ನೋಡಿದಷ್ಟೂ ಸಾಕೆನಿಸುವುದಿಲ್ಲ. ಆದರೆ ಆ ಪಟಗಳನ್ನು ಯಾರು ತೆಗೆದರೂ ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಅದಕ್ಕೇ ಅವನ್ನು ಬದಿಗಿಡುತ್ತೇನೆ.

ಮೊದಲ ಪಟ ಯಕ್ಷಗಾನದ ಚೌಕಿಯದು, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದ್ದು. ತೆಂಕುತಿಟ್ಟಿನ ಮೇಳ, ಆವತ್ತು ದೇವೀ ಮಹಾತ್ಮೆ. ಆ ಪ್ರಸಂಗ ಇದ್ದರೆ ಕ್ಯಾಮೆರಾದವರೆಲ್ಲ ಕಾಯುವುದು ಮಹಿಷಾಸುರನಿಗೆ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ಹಿಂದಿನಿಂದ ದೊಂದಿ ಹಿಡಿದು ಆರ್ಭಟಿಸುತ್ತ ಬರುತ್ತಾನೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ, ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತಿಕೊಳ್ಳುತ್ತವೆ. ಆ ಪಟವೂ ನನ್ನಲ್ಲಿದೆ. ಆದರೆ ನಾನು ಹೇಳುತ್ತಿರುವುದು ಅದಕ್ಕಿಂತ ತುಂಬ ಹೊತ್ತು ಮೊದಲಿನದ್ದು.

ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರ ಮಾಡುವವರು, ಮುಖಕ್ಕೆ ಚುಟ್ಟಿ ಇಡುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ ಬಿಳಿ ಹಿಟ್ಟು. ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎಬ್ಬಿಸುತ್ತಾ ಹೋಗಬೇಕು. ಒಂದು ಸಾಲು ಸ್ವಲ್ಪ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹಿಡಿಯುತ್ತದೆ. ಇದನ್ನೆಲ್ಲ ಬೇರೆಯವರು ಮಾಡಿಕೊಡುವುದಲ್ಲ, ಕಲಾವಿದರು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈಯಲ್ಲಿ ತಾವೇ ಇಟ್ಟುಕೊಳ್ಳುವುದು.

ಆವತ್ತಿನ ಮಹಿಷಾಸುರನ ವೇಷದವರ ಹತ್ತಿರ ನಾನು ಹೋಗಿ ಕೇಳಿದೆ, ಫೋಟೋ ತೆಗೆಯಬಹುದಾ ಎಂದು. ಅವರು ತಲೆ ಎತ್ತಲಿಲ್ಲ. "ಫ್ಲ್ಯಾಶ್ ಹೊಡೆಯಬೇಡಿ ಮಾರಾಯ್ರೆ, ಕಣ್ಣು ಕತ್ತಲೆ ಬಂದರೆ ಕೈ ತಪ್ಪುತ್ತದೆ. ಬೇಕಾದರೆ ಇಲ್ಲೇ ಕೂತುಕೊಳ್ಳಿ" ಎಂದರು. ಕೂತೆ. ಮೇಲೆ ಒಂದೇ ಬಲ್ಬು. ಫ್ಲ್ಯಾಶ್ ಇಲ್ಲದೆ ಅಷ್ಟು ಬೆಳಕಲ್ಲಿ ತೆಗೆಯಬೇಕಾದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 3200ಕ್ಕೆ ಏರಿಸಬೇಕು, ಚಿತ್ರದಲ್ಲಿ ಸಣ್ಣ ಮರಳಿನಂಥ ಕಣಗಳು ಕಾಣುತ್ತವೆ. ಕಾಣಲಿ, ಚೌಕಿ ಇರುವುದೇ ಹಾಗೆ. ಕ್ಯಾಮೆರಾ ಮೊಣಕಾಲ ಮೇಲೆ ಇಟ್ಟುಕೊಂಡು ಸುಮ್ನೆ ನೋಡುತ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ನಾನು ಅಲ್ಲಿರುವುದೇ ಅವರಿಗೆ ಮರೆತುಹೋಯಿತು. ಕೇಳಿದರೆ ಜನ ಸೆಟೆದು ನಿಲ್ಲುತ್ತಾರೆ ಎನ್ನುವವರಿಗೆ ನನ್ನ ಉತ್ತರ ಇದೇ. ಸೆಟೆದುಕೊಳ್ಳುವುದು ಮೊದಲ ಐದು ನಿಮಿಷ ಮಾತ್ರ. ಆಮೇಲೂ ಅಲ್ಲೇ ಕೂರುವ ತಾಳ್ಮೆ ನಮಗಿರಬೇಕು.

ಪಟದಲ್ಲಿ ಅವರ ಒಂದು ಕೆನ್ನೆಯಲ್ಲಿ ಚುಟ್ಟಿ ಮುಗಿದಿದೆ, ಅದು ಮಹಿಷಾಸುರ. ಇನ್ನೊಂದು ಕೆನ್ನೆ ಬರಿದಾಗಿದೆ, ಅಲ್ಲಿ ಕುರುಚಲು ಗಡ್ಡ ತೆಗೆದ ಗುರುತು, ಕಿವಿಯ ಹತ್ತಿರ ಒಂದು ಹಳೆಯ ಗಾಯದ ಕಲೆ. ಕಡ್ಡಿ ಗಾಳಿಯಲ್ಲಿ ನಿಂತಿದೆ. ಕನ್ನಡಿಯೊಳಗಿನ ಕಣ್ಣು ನೇರ ನನ್ನನ್ನೇ ನೋಡುತ್ತಿದೆ.

ಮುಂದೆ ಅದೇ ಮೇಳದ ಆಟ ನಮ್ಮ ಕಡೆ ಬಂದಾಗ ದೊಡ್ಡ ಪ್ರಿಂಟ್ ಹಾಕಿಸಿ ಕೊಟ್ಟೆ. ತುಂಬ ಹೊತ್ತು ನೋಡಿದರು. "ಜನ ನನ್ನ ವೇಷ ನೋಡಿ ಸೀಟಿ ಹೊಡೆಯುತ್ತಾರೆ, ಬೆಳಗ್ಗೆ ಅದೇ ಊರಿನ ಹೋಟೆಲಿನಲ್ಲಿ ಚಾ ಕುಡಿದರೆ ಒಬ್ಬರಿಗೂ ಗುರುತಿಲ್ಲ. ಇದರಲ್ಲಿ ಇಬ್ಬರೂ ಇದ್ದಾರೆ" ಎಂದರು. ಬಣ್ಣದ ವೇಷದವರ ಬದುಕಿನ ಬಗ್ಗೆ ಇಷ್ಟು ಸರಿಯಾಗಿ ನಾನು ಬೇರೆಲ್ಲೂ ಕೇಳಿಲ್ಲ. ಕದ್ದು ತೆಗೆದಿದ್ದರೆ ಈ ಮಾತು ನನಗೆ ಸಿಗುತ್ತಿತ್ತಾ?

ಎರಡನೆಯದು ಕೈರಂಪಣಿಯದು. ದಡದಿಂದಲೇ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ, ಆಮೇಲೆ ಎರಡು ತುದಿಯ ಹಗ್ಗವನ್ನು ಎರಡು ಸಾಲು ಜನ ಎಳೆಯುತ್ತಾರೆ. ಪಟ ತೆಗೆಯಲಾ ಎಂದು ಕೇಳಿದ್ದಕ್ಕೆ ಸಾಲಿನ ಹಿರಿಯರೊಬ್ಬರು ತುಳುವಿನಲ್ಲಿ, "ಪಟ ಬೊಕ್ಕ ದೆಪ್ಪೊಲಿ, ಸುರುಟು ಬಲ್ಲ್ ಪತ್ತ್‌ಲೆ" ಎಂದರು. ಪಟ ಆಮೇಲೆ ತೆಗೆಯಬಹುದು, ಮೊದಲು ಹಗ್ಗ ಹಿಡಿಯಿರಿ. ಹಿಡಿದೆ. ಅಂಗೈ ಉರಿಯಿತು. ಆ ಉರಿಯಲ್ಲೇ ನನಗೆ ಪಟ ಎಲ್ಲಿದೆ ಎಂದು ಗೊತ್ತಾಯಿತು. ದೂರದಿಂದ ತೆಗೆದರೆ ಕಡಲು, ಆಕಾಶ, ಚುಕ್ಕೆಯಂಥ ಜನ. ಸಾಲಿನ ಒಳಗಿಂದ ನೋಡಿದರೆ ಮುಂದಿನವರ ಒದ್ದೆ ಬೆನ್ನು, ಮರಳಲ್ಲಿ ಹೂತ ಹಿಮ್ಮಡಿ, ನೀರು ಹಿಂಡಿ ಬೀಳುವ ಹಗ್ಗ. ನಾನು ತೆಗೆದದ್ದು ಆ ಹಿಮ್ಮಡಿಗಳನ್ನು. ಬೂತಾಯಿ ಮೀನು ಚೆನ್ನಾಗಿ ಸಿಕ್ಕಿತ್ತು ಆವತ್ತು, ನನಗೂ ಒಂದು ಪಾಲು ಕೊಟ್ಟರು.

ಒಂದು ವಿಷಯ ಇಲ್ಲಿ ಹೇಳಬೇಕು. ಪ್ರತಿ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಮಾಡುತ್ತೇವಲ್ಲ, ಅದು 1839ರಲ್ಲಿ ಡಗೇರ್ ಎಂಬ ಫ್ರೆಂಚ್ ಮನುಷ್ಯನ ವಿಧಾನವನ್ನು ಜಗತ್ತಿಗೆ ತಿಳಿಸಿದ ದಿನ. ಅದರ ಹಿಂದಿನ ವರ್ಷ ಡಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದಿದ್ದ. ಗಾಡಿ, ಕುದುರೆ, ಜನ ತುಂಬಿದ ಬೀದಿ. ಆದರೆ ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು, ಓಡಾಡುವ ಯಾರೂ ಅದರಲ್ಲಿ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಮೂಡಿದ, ಅವನ ಕಾಲಬುಡದಲ್ಲಿ ಕೂತ ಪಾಲಿಶಿನವನು ಮಸುಕಾಗಿ. ಮನುಷ್ಯರು ಕಾಣುವ ಮೊದಲ ಫೋಟೋಗಳಲ್ಲಿ ಒಂದು ಎಂದು ಅದನ್ನು ಹೇಳುತ್ತಾರೆ. ಆ ಇಬ್ಬರಿಗೂ ತಮ್ಮ ಪಟ ತೆಗೆದದ್ದು ಗೊತ್ತಿಲ್ಲ, ಅವರ ಹೆಸರು ನಮಗೆ ಗೊತ್ತಿಲ್ಲ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಯಾರಾದರೂ ಹೋಗಿ ಅವರ ಹೆಸರು ಕೇಳಬಾರದಿತ್ತಾ ಅನ್ನಿಸುತ್ತದೆ.

ಮೂರನೆಯದು 2019ರ ಡಿಸೆಂಬರ್ 26ರದ್ದು. ಆವತ್ತು ಕಂಕಣ ಸೂರ್ಯಗ್ರಹಣ, ಬಳೆಯ ಆಕಾರ ಮಂಗಳೂರಿನಲ್ಲಿ ಕಾಣುವುದಿತ್ತು. ನಾನು ಹಿಂದಿನ ದಿನವೇ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ನನ್ನ ಗೆಳೆಯರೆಲ್ಲ ಲೆನ್ಸಿಗೆ ಸೋಲಾರ್ ಫಿಲ್ಟರ್ ಹಾಕಿ ಆಕಾಶಕ್ಕೆ ಹಿಡಿದಿದ್ದರು. ನಾನು ನೆಲ ನೋಡುತ್ತಿದ್ದೆ. ಯಾಕೆಂದರೆ ಮರದ ಎಲೆಗಳ ನಡುವಿನ ಸಣ್ಣ ಸಣ್ಣ ಸಂದಿ ಇದೆಯಲ್ಲ, ಒಂದೊಂದೂ ಒಂದು ಸೂಜಿರಂಧ್ರದ ಕ್ಯಾಮೆರಾ. ಲೆನ್ಸು ಬೇಡ, ಫಿಲಂ ಬೇಡ. ಬೇರೆ ದಿನ ಮರದಡಿ ಬೀಳುವ ದುಂಡಗಿನ ಬಿಸಿಲಿನ ಚುಕ್ಕೆಗಳು ನಿಜವಾಗಿ ಸೂರ್ಯನದೇ ಚಿತ್ರಗಳು. ಸೂರ್ಯ ದುಂಡಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಪಕ್ಕದ ಮನೆಯ ಅಜ್ಜಿ ಗ್ರಹಣ ಎಂದರೆ ಹೊರಗೆ ಕಾಲಿಡುವವರಲ್ಲ. ಮೊಮ್ಮಕ್ಕಳನ್ನೂ ಒಳಗೇ ಕೂರಿಸಿದ್ದರು. ನಾನು ಕಿಟಕಿಯ ಹತ್ತಿರ ಹೋಗಿ, "ಅಜ್ಜಿ, ಮೇಲೆ ನೋಡುವುದು ಬೇಡ, ಅಂಗಳ ನೋಡಿ ಸಾಕು" ಎಂದೆ. ಬಾಗಿಲಲ್ಲೇ ನಿಂತು ಇಣುಕಿದರು. ಮಾವಿನ ಮರದಡಿ ನೆಲವೆಲ್ಲ ಸಣ್ಣ ಸಣ್ಣ ಚಂದ್ರನ ತುಂಡು. ಒಂಬತ್ತೂವರೆಯ ಸುಮಾರಿಗೆ ಆ ತುಂಡುಗಳ ಎರಡೂ ಕೊಂಬು ಕೂಡಿಕೊಂಡು ಬಳೆಗಳಾದವು. ಅಜ್ಜಿ ಒಂದೂ ಮಾತಾಡದೆ ಒಳಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಹಿಂದೆಯೇ ಒಂದು ಬಿಳಿ ಬೈರಾಸು, ಅಂದರೆ ಟವೆಲ್ಲು, ತಂದರು, ಅಂಗಳಕ್ಕಿಳಿದು ನೆಲದಲ್ಲಿ ಹಾಸಿದರು. "ಮಣ್ಣಿನಲ್ಲಿ ಸರಿ ಕಾಣುವುದಿಲ್ಲ, ಇದರ ಮೇಲೆ ತೆಗಿ" ಎಂದರು.

"ನಿಮ್ಮನ್ನೂ ಸೇರಿಸಿ ತೆಗೆಯಲಾ ಅಜ್ಜಿ?"

"ಕಾಲು ಮಾತ್ರ ಬರಲಿ."

ಬೈರಾಸಿನ ಮೇಲೆ ಒಂದರ ಮೇಲೊಂದು ಬಿದ್ದ ಬೆಳಕಿನ ಬಳೆಗಳು, ಅದರ ಅಂಚಿನಲ್ಲಿ ಅಜ್ಜಿಯ ಎರಡು ಪಾದ, ಕಾಲುಂಗುರ. ನೋಡಿದವರು ಇದು ಕಂಪ್ಯೂಟರಿನಲ್ಲಿ ಮಾಡಿದ್ದಾ ಎಂದು ಕೇಳುತ್ತಾರೆ. ಎರಡು ನಿಮಿಷಕ್ಕೆ ಎಲ್ಲ ಮುಗಿಯಿತು, ಬಳೆಗಳು ಮತ್ತೆ ತುಂಡಾದವು. ಆಮೇಲೆ ಅಜ್ಜಿ ಪದ್ಧತಿ ಪ್ರಕಾರ ಸ್ನಾನ ಮಾಡಿಯೇ ಒಳಗೆ ಹೋದದ್ದು.

ಇನ್ನು ನನ್ನಲ್ಲಿ ಇಲ್ಲದ ಒಂದು ಪಟ. ನಮ್ಮ ತಾಯಿಯ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ವರ್ಷಾವಧಿ ದೈವದ ಕೋಲ ಆಗುತ್ತದೆ. ದೊಂದಿಯ ಬೆಳಕು, ದೈವದ ಬೆನ್ನಿಗೆ ಕಟ್ಟುವ ತೆಂಗಿನ ಸಿರಿಯ ಅಣಿ, ಕಾಲಿನ ಗಗ್ಗರ. ಆ ಬೆಳಕಿಗಿಂತ ಚೆಂದದ ಬೆಳಕು ನಾನು ನೋಡಿಲ್ಲ. ಮಾವನನ್ನು ಕೇಳಿದೆ. "ಬೇಡ ಮಗಾ, ಕೈಮುಗಿದು ನಿಲ್ಲು" ಎಂದರು. ಹಾಗೇ ನಿಂತೆ. ಕೇಳುವುದು ಎಂದರೆ ಬೇಡ ಎನ್ನುವ ಉತ್ತರಕ್ಕೂ ತಯಾರಿರುವುದು ಅಲ್ವಾ? ಈಗಂತೂ ಎಲ್ಲರ ಕೈಯಲ್ಲೂ ಮೊಬೈಲು, ದೈವದ ಮುಖದ ಹತ್ತಿರಕ್ಕೇ ಹಿಡಿಯುತ್ತಾರೆ. ಅದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಪ್ರಿಂಟಿನ ಬಗ್ಗೆ ಒಂದು ಮಾತು. ಪಟ ತೆಗೆದವರು ಅದರಲ್ಲಿರುವವರಿಗೆ ಒಂದು ಪ್ರತಿ ಮುಟ್ಟಿಸಲೇಬೇಕು ಎನ್ನುವವಳು ನಾನು. ಮೊಬೈಲಿಗೆ ಕಳಿಸಿದರೆ ಸಾಲದು, ಅದು ನಾಳೆ ಬರುವ ನೂರು ಫಾರ್ವರ್ಡಿನ ಅಡಿಗೆ ಹೋಗುತ್ತದೆ. ಚೌಕಟ್ಟು ಹಾಕಿಸುವುದಾದರೆ ಗಾಜಿಗೂ ಪ್ರಿಂಟಿಗೂ ನಡುವೆ ಸುತ್ತ ದಪ್ಪ ಕಾಗದದ ಅಂಚು ಇಡಿಸಿ. ನಮ್ಮ ಮಳೆಗಾಲದ ತೇವಕ್ಕೆ ಪ್ರಿಂಟು ಗಾಜಿಗೆ ಅಂಟಿಕೊಂಡರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಕ್ಯಾಮೆರಾ, ಲೆನ್ಸುಗಳನ್ನೂ ಜೂನಿನಿಂದ ಬ್ಯಾಗಿನಲ್ಲೇ ಮುಚ್ಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಇಷ್ಟು ಸಾಕು.

ಸದ್ಯಕ್ಕೆ ನನ್ನ ತಲೆಯಲ್ಲಿರುವುದು ಶಂಕರಪುರದ ಮಲ್ಲಿಗೆ. ಮೊಗ್ಗುಗಳನ್ನು ಬಾಳೆನಾರಿನಲ್ಲಿ ಎಣಿಸಿ ಕಟ್ಟುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಟ್ಟುವ ಬೆರಳುಗಳ ವೇಗ ಕಣ್ಣಿಗೆ ಸಿಗುವುದಿಲ್ಲ, ಕ್ಯಾಮೆರಾಕ್ಕೆ ಸಿಗುತ್ತದಾ ನೋಡಬೇಕು. ಅಲ್ಲಿ ಒಬ್ಬರು ಅಕ್ಕನನ್ನು ಕೇಳಿ ಬಂದಿದ್ದೇನೆ. "ಈಗ ಮಳೆ, ಹೂ ಕಡಿಮೆ. ಗಿಡದಲ್ಲಿ ಮೊಗ್ಗು ತುಂಬಿದಾಗ ನಾನೇ ಫೋನ್ ಮಾಡುತ್ತೇನೆ, ಬೆಳಗ್ಗೆ ಬೇಗ ಬರಬೇಕು, ಕೀಳುವುದಕ್ಕೂ ಸೇರಬೇಕು" ಎಂದಿದ್ದಾರೆ. ಅವರ ಫೋನಿಗೆ ಕಾಯುತ್ತಿದ್ದೇನೆ. ನಮಸ್ಕಾರ.