ಹಿರಿಯ ಕೋಚ್ ಕಾಲ ಮುಗೀತಾ? ವೆಂಗರ್, ರಾನಿಯೇರಿ ಕೆಲಸವನ್ನು ಅಳೆದು ನೋಡೋಣ

[ದೃಶ್ಯ: ಸುಂಟಿಕೊಪ್ಪದ ಮೈದಾನ, ಸುತ್ತಲೂ ಜನ, ಸೀಟಿ ಸದ್ದು]

ನಮಸ್ಕಾರ. ಕೊಡಗಿನ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ನಡೆಯುವಾಗ ಮೈದಾನದ ಪಕ್ಕ ನಿಂತು ಜನರ ಮಾತು ಕೇಳಿ. ತಂಡ ಎರಡು ಗೋಲು ಹಿಂದೆ ಬಿದ್ದರೆ ಮೊದಲ ಬೈಗುಳ ಕೋಚ್‌ಗೆ. ಕೋಚ್‌ಗೆ ತಲೆ ನೆರೆತಿದ್ದರಂತೂ "ಇವರ ಕಾಲ ಮುಗೀತು" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ರಾತ್ರಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಟಿವಿ ಮುಂದೆ ಕೂತು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುವಾಗಲೂ ಇದೇ ಮಾತು. ಆದರೆ ದೊಡ್ಡ ಕ್ಲಬ್ಬಿನ ಹಿರಿಯ ಕೋಚ್ ಒಬ್ಬರ ಕೆಲಸವನ್ನು ನಿಜವಾಗಿ ಅಳೆಯೋದು ಹೇಗೆ?

ಫಲಿತಾಂಶಕ್ಕಿಂತ ಮೊದಲು, ಅವರ ಕೈಗೆ ಏನು ಕೊಟ್ಟಿದ್ದರು ಅಂತ ಕೇಳಬೇಕು. ನಮ್ಮಲ್ಲಿ ಕಾಫಿ ಫಸಲು ಕಡಿಮೆಯಾದರೆ ಸುಮ್ನೆ ತೋಟ ನೋಡಿಕೊಳ್ಳುವ ರೈಟರನ್ನು ಬೈಯುವುದಿಲ್ಲ ಅಲ್ವಾ? ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಂದಿತ್ತಾ, ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರಿತ್ತಾ ಅಂತ ಕೇಳುತ್ತೇವೆ. ಫುಟ್ಬಾಲ್‌ನಲ್ಲಿ ಆ ನೀರು ಅಂದರೆ ದುಡ್ಡು. ಇಂಗ್ಲೆಂಡಿನ ಲೀಗಿನಲ್ಲಿ ಹಲವು ವರ್ಷಗಳ ಲೆಕ್ಕ ತೆಗೆದರೆ, ಆಟಗಾರರ ಸಂಬಳಕ್ಕೆ ಜಾಸ್ತಿ ಖರ್ಚು ಮಾಡುವ ಕ್ಲಬ್‌ಗಳೇ ಸಾಮಾನ್ಯವಾಗಿ ಮೇಲಿರುತ್ತವೆ.

[ದೃಶ್ಯ: ಹಾಕಿ ಮೈದಾನ, ಆಟಗಾರರು ಒಳಗೆ ಹೊರಗೆ ಓಡುತ್ತಿದ್ದಾರೆ]

ಕೊಡಗಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಣ್ಣು ಹಾಕಿಗೆ ಒಗ್ಗಿದೆ. 1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ನೋಡುತ್ತಾ ಬೆಳೆದವರು ಎಷ್ಟೋ ಜನ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅಂತರರಾಷ್ಟ್ರೀಯ ಪಂದ್ಯವಾದರೆ 15 ನಿಮಿಷಕ್ಕೊಮ್ಮೆ ಬಿಡುವು ಬೇರೆ. ಫುಟ್ಬಾಲ್ ಕೋಚ್‌ಗೆ ಈಗ ಸಿಗೋದು 5 ಬದಲಿ ಆಟಗಾರರು, ಅದೂ ಮೂರೇ ಸಲದಲ್ಲಿ. ಮೊದಲು 3 ಮಾತ್ರ ಇತ್ತು. 45 ನಿಮಿಷ ಅವರು ಗೆರೆಯಾಚೆ ನಿಂತು ಕೂಗಬಹುದು, ಅಷ್ಟೆ. ಹಾಗಾಗಿ ಅವರ ಕೆಲಸದ ಬಹುಪಾಲು ಪಂದ್ಯದ ಹಿಂದಿನ ವಾರದ ಅಭ್ಯಾಸದಲ್ಲೇ ಮುಗಿದಿರುತ್ತದೆ. ನಮಗೆ ಅದು ಕಾಣುವುದಿಲ್ಲ.

[ದೃಶ್ಯ: ಆರ್ಸೆನಲ್ ಬಾವುಟ, ವರ್ಷಗಳ ಪಟ್ಟಿ]

ಈಗ ಆರ್ಸೆನ್ ವೆಂಗರ್ ವಿಷಯಕ್ಕೆ ಬರೋಣ. 1996ರಿಂದ 2018ರವರೆಗೆ, 22 ವರ್ಷ ಒಂದೇ ಕ್ಲಬ್‌ಗೆ ಕೋಚ್, ಅದು ಲಂಡನ್ನಿನ ಆರ್ಸೆನಲ್. 2003-04ರ ಲೀಗಿನಲ್ಲಿ ಆರ್ಸೆನಲ್ 26 ಪಂದ್ಯ ಗೆದ್ದು, 12 ಡ್ರಾ ಮಾಡಿಕೊಂಡಿತು. ಸೋಲು ಒಂದೂ ಇಲ್ಲ. ಆಮೇಲೆ ಅವರು ಲೀಗ್ ಗೆಲ್ಲಲೇ ಇಲ್ಲ. 2005ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದ ಮೇಲೆ 2014ರವರೆಗೆ ಒಂದು ಟ್ರೋಫಿಯೂ ಬರಲಿಲ್ಲ. "ವೆಂಗರ್ ಮುಗಿದರು" ಎಂಬ ಕೂಗು ಜೋರಾಗಿದ್ದು ಆಗಲೇ.

ಆ ವರ್ಷಗಳಲ್ಲಿ ಕೈಗೆ ಏನಿತ್ತು? 2006ರಲ್ಲಿ ಕ್ಲಬ್ ಹೊಸ ಸ್ಟೇಡಿಯಂಗೆ ಹೋಯಿತು. ಅದನ್ನು ಕಟ್ಟಿದ ಸಾಲ ತಲೆ ಮೇಲಿತ್ತು. ಎದುರಾಳಿಗಳಾದ ಚೆಲ್ಸಿಗೆ 2003ರಲ್ಲಿ, ಮ್ಯಾಂಚೆಸ್ಟರ್ ಸಿಟಿಗೆ 2008ರಲ್ಲಿ ಭಾರೀ ಶ್ರೀಮಂತ ಮಾಲೀಕರು ಬಂದರು. ಆರ್ಸೆನಲ್‌ನ ದೊಡ್ಡ ಆಟಗಾರರೂ ಹೋದರು. 2007ರಲ್ಲಿ ಆನ್ರಿ. 2011ರಲ್ಲಿ ಫ್ಯಾಬ್ರೆಗಾಸ್, ನಸ್ರಿ. 2012ರಲ್ಲಿ ವಾನ್ ಪರ್ಸಿ ಹೋಗಿದ್ದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಅಲ್ಲಿ 26 ಗೋಲು ಹೊಡೆದು ಅವರಿಗೆ ಲೀಗ್ ಗೆಲ್ಲಿಸಿಕೊಟ್ಟರು. ಇಷ್ಟೆಲ್ಲ ಆದರೂ ವೆಂಗರ್ ತಂಡ ಸತತ 20 ಸೀಸನ್ ಮೊದಲ ನಾಲ್ಕರೊಳಗೇ ಇತ್ತು. ಟ್ರೋಫಿ ಬರದ ಆ ವರ್ಷಗಳೇ ಅವರ ಅತಿ ಕಷ್ಟದ, ಒಳ್ಳೆಯ ಕೆಲಸ ಅಂತ ನಾನು ನಂಬುತ್ತೇನೆ.

ಆದರೆ ಅದಾದ ಮೇಲಿನ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. 2013ರಲ್ಲಿ ದೊಡ್ಡ ಮೊತ್ತ ಕೊಟ್ಟು ಆಟಗಾರ ಓಜಿಲ್‌ರನ್ನು ಕೊಂಡಾಗಿನಿಂದ ದುಡ್ಡಿನ ಕೊರತೆ ಎಂಬ ಕಾರಣ ನಿಲ್ಲುವುದಿಲ್ಲ. ಆ ಸೀಸನ್‌ನಲ್ಲಿ ಸಿಟಿ ಎದುರು 6-3, ಲಿವರ್‌ಪೂಲ್ ಎದುರು 5-1, ಚೆಲ್ಸಿ ಎದುರು 6-0 ಸೋಲು. ಮೂರೂ ಎದುರಾಳಿಯ ಮೈದಾನದಲ್ಲಿ. ಚೆಲ್ಸಿ ಪಂದ್ಯ ವೆಂಗರ್ ಅವರ 1000ನೇ ಪಂದ್ಯವಾಗಿತ್ತು. ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗಿನಲ್ಲಿ 2011ರಿಂದ 2017ರವರೆಗೆ ಏಳು ವರ್ಷವೂ 16ರ ಘಟ್ಟದಲ್ಲೇ ಹೊರಗೆ. ಒಂದು ಸಲ ಸೋತರೆ ಗ್ರಹಚಾರ ಅನ್ನಬಹುದು. ಅದೇ ರೀತಿ ಮತ್ತೆ ಮತ್ತೆ ಸೋತರೆ ಕೋಚ್ ಉತ್ತರ ಕೊಡಬೇಕು.

2015-16ರಲ್ಲಿ ದೊಡ್ಡ ಕ್ಲಬ್‌ಗಳೆಲ್ಲ ಎಡವಿದವು. ಆರ್ಸೆನಲ್‌ಗೆ ದಾರಿ ತೆರೆದಿತ್ತು. ಲೆಸ್ಟರ್ ಸಿಟಿ ಇಡೀ ಲೀಗಿನಲ್ಲಿ ಸೋತದ್ದು ಮೂರೇ ಪಂದ್ಯ, ಅದರಲ್ಲಿ ಎರಡು ಆರ್ಸೆನಲ್ ಎದುರೇ. ಆದರೂ ಲೀಗ್ ಗೆದ್ದದ್ದು ಲೆಸ್ಟರ್. ಅವರದು 81 ಅಂಕ, ಆರ್ಸೆನಲ್‌ದು 71. ವೆಂಗರ್ ಅವರನ್ನು ಇಷ್ಟಪಡುವ ನನಗೂ ಈ ವರ್ಷಕ್ಕೆ ಸಮಾಧಾನ ಹೇಳಿಕೊಳ್ಳಲು ಆಗುವುದಿಲ್ಲ.

[ದೃಶ್ಯ: ಲೆಸ್ಟರ್ ಊರಿನ ಬೀದಿ, ನೀಲಿ ಬಾವುಟಗಳು]

ಆ ಲೆಸ್ಟರ್ ಕೋಚ್ ಕ್ಲಾಡಿಯೊ ರಾನಿಯೇರಿ. ಅದಕ್ಕೂ ಮುಂಚೆ, 2014ರ ನವೆಂಬರಿನಲ್ಲಿ, ಅವರ ಗ್ರೀಸ್ ತಂಡ ತನ್ನ ನೆಲದಲ್ಲೇ ಪುಟ್ಟ ಫಾರೋ ದ್ವೀಪಗಳ ಎದುರು ಸೋತಿತ್ತು. ಕೆಲಸ ಹೋಯಿತು. ಕೊನೆಯ ಪಂದ್ಯ ನೋಡಿ ತೀರ್ಮಾನಿಸಿದ್ದರೆ ಅವರನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಲೀಗ್ ಗೆದ್ದ ಒಂಬತ್ತು ತಿಂಗಳಿಗೆ, 2017ರ ಫೆಬ್ರವರಿಯಲ್ಲಿ, ಲೆಸ್ಟರ್ ಕೂಡ ಅವರನ್ನು ತೆಗೆಯಿತು. ತಂಡ ಆಗ 17ನೇ ಸ್ಥಾನದಲ್ಲಿತ್ತು. ನಡುಮೈದಾನದ ಆಟಗಾರ ಕಾಂಟೆ 2016ರ ಬೇಸಿಗೆಯಲ್ಲೇ ಚೆಲ್ಸಿಗೆ ಹೋಗಿದ್ದರು, ಆ ಸೀಸನ್‌ನಲ್ಲಿ ಚೆಲ್ಸಿ ಲೀಗ್ ಗೆದ್ದಿತು. ಇತ್ತ ಹೊಸ ಕೋಚ್ ಬಂದ ಕೂಡಲೇ ಲೆಸ್ಟರ್ ಸತತ ಐದು ಲೀಗ್ ಪಂದ್ಯ ಗೆದ್ದಿತು. ನೋಡಿ, ಹಳಬರೇ ತಪ್ಪು ಅಂದರು ಜನ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕೋಚ್‌ಗಳನ್ನು ತೆಗೆಯೋದು ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಎಷ್ಟೋ ತಂಡಗಳು ಯಾರು ಬಂದರೂ ಸ್ವಲ್ಪ ಮೇಲೇಳುತ್ತವೆ. ಐದು ಪಂದ್ಯದ ಗೆಲುವಿನಲ್ಲಿ ಹೊಸ ಕೋಚ್ ಪಾಲೆಷ್ಟು, ತಿರುಗಿದ ಅದೃಷ್ಟದ ಪಾಲೆಷ್ಟು ಅಂತ ಬೇರ್ಪಡಿಸುವುದು ಕಷ್ಟ.

ಇದಕ್ಕೇ ಈಗ ಎಕ್ಸ್‌ಪೆಕ್ಟೆಡ್ ಗೋಲ್ಸ್ ಎಂಬ ಲೆಕ್ಕ ಬಳಸುತ್ತಾರೆ. ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಾಧ್ಯತೆ ನೋಡಿ 0ಯಿಂದ 1ರೊಳಗೆ ಒಂದು ಅಂಕಿ ಕೊಡುತ್ತಾರೆ. ಪೆನಾಲ್ಟಿಗೆ 0.75ಕ್ಕಿಂತ ಸ್ವಲ್ಪ ಜಾಸ್ತಿ. ತಂಡ ಒಳ್ಳೆಯ ಅವಕಾಶ ಸೃಷ್ಟಿಸಿ ಸೋಲುತ್ತಿದೆಯಾ, ಅವಕಾಶವೇ ಇಲ್ಲದೆ ಸೋಲುತ್ತಿದೆಯಾ ಅನ್ನೋದು ಇದರಲ್ಲಿ ಗೊತ್ತಾಗುತ್ತದೆ. ಹತ್ತಿಪ್ಪತ್ತು ಪಂದ್ಯ ಸೇರಿಸಿ ನೋಡಿದರೆ ಮಾತ್ರ ಇದಕ್ಕೆ ಬೆಲೆ.

[ದೃಶ್ಯ: ರೋಮ್ ಸ್ಟೇಡಿಯಂ, ಪರದೆ ಮೇಲೆ ಅಂಕಪಟ್ಟಿ]

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಅದೇ ಆಟಗಾರರು, ಅದೇ ಸೀಸನ್, ಬೇರೆ ಕೋಚ್. 2024-25ರಲ್ಲಿ ಇಟಲಿಯ ರೋಮಾ ಕ್ಲಬ್ ಹಾಗಿತ್ತು. ಮೊದಲ 12 ಲೀಗ್ ಪಂದ್ಯಗಳಲ್ಲಿ ಇಬ್ಬರು ಕೋಚ್‌ಗಳನ್ನು ಕಳೆದುಕೊಂಡು ಗಳಿಸಿದ್ದು 13 ಅಂಕ, ಸ್ಥಾನ 12. ನಿವೃತ್ತಿಯಾಗಿ ಮನೆಯಲ್ಲಿದ್ದ ರಾನಿಯೇರಿ ಅವರನ್ನು ನವೆಂಬರಿನಲ್ಲಿ ಕರೆತಂದರು. ವಯಸ್ಸು 73. ಶುರುವಿನಲ್ಲಿ ಸೋಲುಗಳೇ ಬಂದವು. ಆಮೇಲೆ ಲೀಗಿನಲ್ಲಿ ಸತತ 19 ಪಂದ್ಯ ಸೋಲಲಿಲ್ಲ. ಅವರ ಕೈಯಲ್ಲಿ 26 ಪಂದ್ಯಗಳಿಗೆ 56 ಅಂಕ. ಇದು ನಾಲ್ಕು ದಿನದ ಅದೃಷ್ಟ ಅಲ್ಲ. ಕೊನೆಗೆ ರೋಮಾ 5ನೇ ಸ್ಥಾನಕ್ಕೆ ಬಂತು, ಯುವೆಂಟಸ್‌ಗಿಂತ 1 ಅಂಕ ಕಡಿಮೆಯಾಗಿ ಚಾಂಪಿಯನ್ಸ್ ಲೀಗ್ ತಪ್ಪಿತು. ಟ್ರೋಫಿ ಏನೂ ಸಿಗಲಿಲ್ಲ. ಆದರೂ ನನ್ನನ್ನು ಕೇಳಿದರೆ, ಲೆಸ್ಟರ್ ಬಿಟ್ಟರೆ ರಾನಿಯೇರಿ ಮಾಡಿದ ದೊಡ್ಡ ಕೆಲಸ ಇದೇ.