ಹೃದ್ರೋಗಿಯ ನಿದ್ರೆಗೆ ಫೋನಿನಲ್ಲೇ ಚಿಕಿತ್ಸೆ: ಒಂದು ಷರತ್ತಿನ ಮೇಲೆ

ನಮಸ್ಕಾರ. ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮದ್ದೂರು, ಮಳವಳ್ಳಿ ಕಡೆಯ ಊರುಗಳಿಗೆ ಮರಳಿದವರಲ್ಲಿ ಹಲವರು, ಎದೆನೋವು ಹೋದ ಮೇಲೂ ರಾತ್ರಿಯೆಲ್ಲ ಹೊರಳಾಡುತ್ತಾರೆ. ಮನೆಯವರು ‘ಯೋಚನೆ ಜಾಸ್ತಿ’ ಎನ್ನುತ್ತಾರೆ, ಇಲ್ಲವೇ ಯಾರೋ ಹೇಳಿದ ನಿದ್ದೆಮಾತ್ರೆ ತರುತ್ತಾರೆ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆಗೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆ ಕೆಡಿಸುವ ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ-ಐ ಎಂಬ ಮನೋಚಿಕಿತ್ಸೆ ಎಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲೇ ಸಲಹೆ ನೀಡಿದೆ. ಇದನ್ನು ಬಲ್ಲ ತಜ್ಞರು ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ಅಪರೂಪವಾದ್ದರಿಂದ ಆನ್‌ಲೈನ್ ಮಾರ್ಗವನ್ನು ನಾನು ಬೆಂಬಲಿಸುತ್ತೇನೆ. ಆದರೆ ಆ್ಯಪ್ ಒಂದನ್ನು ಕೈಗಿತ್ತು ಸುಮ್ಮನಾಗುವುದನ್ನು ಒಪ್ಪಲಾರೆ. ವಾರಕ್ಕೊಮ್ಮೆಯಾದರೂ ರೋಗಿಯೊಡನೆ ಕನ್ನಡದಲ್ಲಿ ಮಾತನಾಡುವ ಒಬ್ಬರು ಆ ತುದಿಯಲ್ಲಿ ಇರಲೇಬೇಕು.

ಕಾರಣ ಚಿಕಿತ್ಸೆಯ ಸ್ವರೂಪದಲ್ಲೇ ಇದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆಯಷ್ಟೇ ನಿದ್ರಿಸುವವರಿಗೆ, ಹಾಸಿಗೆಯ ಅವಧಿಯನ್ನೇ ಐದೂವರೆ ಗಂಟೆಗೆ ಇಳಿಸಿ, ನಿದ್ರೆ ಗಟ್ಟಿಯಾದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗುವುದು, ಏಳುವ ಹೊತ್ತನ್ನು ಎಂದೂ ಬದಲಿಸದಿರುವುದು ಇದರ ಮುಖ್ಯ ಅಂಗಗಳು. ಆರಂಭದ ವಾರಗಳಲ್ಲಿ ಹಗಲಿನ ತೂಕಡಿಕೆ ಹೆಚ್ಚುವುದರಿಂದ ಬೈಕು, ಟ್ರ್ಯಾಕ್ಟರ್ ಓಡಿಸುವವರಿಗೆ ಎಚ್ಚರಿಕೆ ಹೇಳಬೇಕು. ಹೃದಯದ ಶಕ್ತಿ ಕುಂದಿದವರಿಗೆ ಅವಧಿಯನ್ನು ನಿಧಾನವಾಗಿ ಇಳಿಸಬೇಕಾಗಬಹುದು. ಒಂದೇ ಹಜಾರದಲ್ಲಿ ಮನೆಮಂದಿಯೆಲ್ಲ ಮಲಗುವಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು? ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಕಬ್ಬಿಗೆ ನೀರು ಹಾಯಿಸಲು ಹೊರಡುವ ರೈತ ಏಳುವ ಹೊತ್ತನ್ನು ಹೇಗೆ ಕಾಯ್ದುಕೊಳ್ಳಬೇಕು? ಸಿದ್ಧ ಆ್ಯಪ್ ಅವನನ್ನು ಶಿಸ್ತಿಲ್ಲದವನೆಂದು ಎಣಿಸುತ್ತದೆ. ಎದುರಿನಲ್ಲಿ ಮನುಷ್ಯರಿದ್ದರೆ ಜಗುಲಿಯಲ್ಲಿ ಕೂರಲು ಹೇಳುತ್ತಾರೆ, ಪಾಳಿಯ ರಾತ್ರಿಗಳನ್ನು ಲೆಕ್ಕದಿಂದ ಬಿಡುತ್ತಾರೆ. (ಸ್ಮಾರ್ಟ್‌ಫೋನು ಮಗನ ಕೈಯಲ್ಲಿದ್ದು ಅಪ್ಪನಿಗೆ ಕರೆಯೊಂದೇ ಗತಿ ಎಂಬ ಸಂಗತಿಯೂ ಇದೆ.)

ಇದೆಲ್ಲಕ್ಕೂ ಮೊದಲು ವೈದ್ಯರ ತಪಾಸಣೆ ಆಗಬೇಕು. ಮಲಗಿದೊಡನೆ ಉಸಿರುಕಟ್ಟಿ ಎದ್ದು ಕೂರುವುದು ಹೃದಯವೈಫಲ್ಯದ ಲಕ್ಷಣವಾಗಿರಬಹುದು. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು ಸ್ಲೀಪ್ ಅಪ್ನಿಯಾ ಇರಬಹುದು. ನೀರು ತೆಗೆಯುವ ಮಾತ್ರೆಯನ್ನು ಸಂಜೆ ನುಂಗಿದವರು ರಾತ್ರಿ ಮೂತ್ರಕ್ಕಾಗಿ ಏಳುವುದು ಸಹಜ. ಅದರ ವೇಳೆಯನ್ನು ವೈದ್ಯರನ್ನು ಕೇಳಿ ಬದಲಿಸಿಕೊಂಡರೆ ಅರ್ಧ ತೊಂದರೆ ತೀರೀತು. ಹೃದಯದ ಬಡಿತ, ರಕ್ತದೊತ್ತಡ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳಲ್ಲಿ ಕೆಲವು ನಿದ್ದೆ ಕೆಡಿಸುತ್ತವೆ. ಆದರೆ ಯಾವುದನ್ನೂ ತಾವೇ ನಿಲ್ಲಿಸಬಾರದು.

ಈ ಚಿಕಿತ್ಸೆ ಹೃದಯಾಘಾತವನ್ನು ತಡೆಯುತ್ತದೆಂದು ಯಾರಾದರೂ ಹೇಳಿ ಮಾರಿದರೆ ನಂಬಬೇಡಿ. ಅದು ಸುಧಾರಿಸುವುದು ನಿದ್ರೆಯನ್ನು, ಅದೂ ಕೆಲವು ವಾರಗಳ ಅಭ್ಯಾಸದಿಂದ. 2022ರಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ನಿದ್ರಾಹೀನತೆಗೆಂದೇ ವಾರವಾರದ ಕಾರ್ಯಕ್ರಮವೊಂದನ್ನು ಇಂಥ ವ್ಯವಸ್ಥೆಗೆ ಜೋಡಿಸಿ, ಹೃದ್ರೋಗಿಗಳ ಡಿಸ್ಚಾರ್ಜ್ ಚೀಟಿಯಲ್ಲೇ ಅದರ ವಿವರ ಬರೆದುಕೊಡಬೇಕೆಂಬುದು ನನ್ನ ಒತ್ತಾಯ.