ಇಂಜಿನ್ ಎಷ್ಟು ಕಷ್ಟಪಟ್ಟಿತು?

ಕೇಳುಗರಿಗೆ ನಮಸ್ಕಾರ. ಗ್ಯಾರೇಜಿನಲ್ಲಿ ರೇಡಿಯೋ ಹಚ್ಚಿಟ್ಟು ಸ್ಪ್ಯಾನರ್ ಹಿಡಿದು ಕೂತವರು ಸ್ವಲ್ಪ ಈ ಕಡೆ ಕಿವಿಗೊಡಿ. ಇವತ್ತಿನ ಮಾತು ನಿಮ್ಮದೇ.

ಪಣಂಬೂರು ಬಂದರಿನಿಂದ ದಿನವೂ ಲಾರಿಗಳು ಸಾಲಾಗಿ ಹೊರಡುತ್ತವೆ. ಅವು ಎಷ್ಟು ಹೊಗೆ ಬಿಟ್ಟವು? ಎಲ್ಲ ಲಾರಿಯ ಸೈಲೆನ್ಸರಿಗೂ ಮೀಟರ್ ಕಟ್ಟಲು ಆಗುವುದಿಲ್ಲ. ಆದ್ದರಿಂದ ನಮ್ಮಂಥವರು ಲೆಕ್ಕ ಹಾಕುತ್ತೇವೆ. ಕಿಲೋಮೀಟರಿಗೆ ಇಷ್ಟು ಗ್ರಾಂ, ಓಡಿದ್ದು ಇಷ್ಟು ಕಿಲೋಮೀಟರ್, ಗುಣಿಸಿದರೆ ಮುಗಿಯಿತು. ನಾನೂ ಬಹಳ ವರ್ಷ ಹೀಗೇ ಗುಣಿಸಿದವನು.

ಒಮ್ಮೆ ಲಾರಿಯಲ್ಲೇ ಹೋಗಿ ನೋಡೋಣ ಅಂತ ನೋಟ್‌ಬುಕ್ ಹಿಡಿದು ಹತ್ತಿದೆ. ತುಂಬಿದ ಲೋಡು, ಸಕಲೇಶಪುರದ ದಾರಿ. ಬಿ.ಸಿ. ರೋಡ್ ದಾಟುವಷ್ಟರಲ್ಲಿ ಡ್ರೈವರಿಗೆ ನನ್ನ ಲೆಕ್ಕವನ್ನೆಲ್ಲ ವಿವರಿಸಿ ಆಗಿತ್ತು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಉಪ್ಪಿನಂಗಡಿಯಲ್ಲಿ ಚಾ ಕುಡಿದು, ಗೋಳಿಬಜೆ ತಿಂದು, ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಮಾಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಈ ರಸ್ತೆಯೂ ಶಿರಾಡಿ ಘಾಟಿಯೂ ಒಂದೇಯಾ?"

ಒಂದೇ ಆಗಿತ್ತು! ನಾನು ಸುಮ್ನೆ ಕೂತೆ.

ಗುಂಡ್ಯ ದಾಟಿತು. ಏರು ಶುರುವಾಯಿತು. ಸೆಕೆಂಡ್ ಗೇರು, ನಡೆದು ಹೋಗುವವನೂ ಹಿಂದೆ ಹಾಕಬಹುದಾದ ವೇಗ, ಕಾಲಡಿಯ ತಗಡೆಲ್ಲ ನಡುಗುತ್ತಿತ್ತು. "ಕೆಳಗೆ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡ್ತದೆ. ಇಲ್ಲಿ ಒಂದೂವರೆ ಕೊಟ್ಟರೆ ದೇವರು ದೊಡ್ಡವ. ಬರುವಾಗ ಇದೇ ಘಾಟಿಯಲ್ಲಿ ಇಳಿಯುವುದಕ್ಕೆ ಡೀಸೆಲೇ ಬೇಡ ಮಾರಾಯ್ರೇ" ಅಂದರು. ಅದೇ ರಸ್ತೆ, ಅದೇ ದೂರ. ನಾನು ನೋಟ್‌ಬುಕ್ಕಿನ ಹಾಳೆ ತಿರುಗಿಸಿ ಮೊದಲಿನಿಂದ ಬರೆದೆ. ದೂರ ಕೇಳಬೇಡಿ, ಇಂಜಿನ್ ಎಷ್ಟು ಕಷ್ಟಪಟ್ಟಿತು ಕೇಳಿ.

ಹೊಗೆಯಲ್ಲಿ ಲೆಕ್ಕಕ್ಕೆ ಸುಲಭದ್ದು ಮೊದಲು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರ್ ಡೀಸೆಲ್ಲಿನ ತೂಕ ಒಂದು ಕೆ.ಜಿ.ಯೂ ಇಲ್ಲವಲ್ಲ ಅಂತ ಪ್ರತಿ ಸಲ ಯಾರಾದರೂ ಜಗಳಕ್ಕೆ ಬರುತ್ತಾರೆ. ಉಳಿದ ತೂಕ ಗಾಳಿಯಿಂದ ಸೇರಿದ ಆಮ್ಲಜನಕದ್ದು ಸ್ವಾಮಿ!

ಕಷ್ಟದವು ಎರಡು: ಮಸಿ ಮತ್ತು ನೈಟ್ರೋಜನ್ ಆಕ್ಸೈಡ್. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಡೀಸೆಲ್ ಜಾಸ್ತಿ, ಗಾಳಿ ಸಾಲದು. ಕಪ್ಪು ಮಸಿ ಬರುತ್ತದೆ. ಉರಿ ತುಂಬಾ ಬಿಸಿಯಾದರೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದ ಜೊತೆ ಕೂಡುತ್ತದೆ. ಇದು ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ನಿನೊಳಗೆ ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ಏರುತ್ತದೆ. ಎರಡೂ ಇಂಜಿನ್ ಎಷ್ಟು ಕಷ್ಟಪಡುತ್ತದೆ ಎಂಬುದರ ಮೇಲೆ ನಿಂತಿವೆ, ಕಿಲೋಮೀಟರಿನ ಮೇಲಲ್ಲ. ಅದಕ್ಕೇ ಹೊಗೆ ಲೆಕ್ಕ ಹಾಕುವ ಒಳ್ಳೆಯ ಗಣಿತದ ಮಾದರಿಗಳು ಏರು, ತೂಕ, ವೇಗವನ್ನು ಸೆಕೆಂಡು ಸೆಕೆಂಡಿಗೆ ಕೇಳುತ್ತವೆ.

ಹೊಗೆ ಸರ್ಟಿಫಿಕೇಟ್ ಇದೆಯಲ್ಲ ಅಂತೀರಿ. ಅಲ್ಲಿ ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆ ನೋಡುತ್ತಾರೆ, ಅಷ್ಟೇ. ನಿಂತ ಲಾರಿಗೆ ಯಾವ ಘಾಟಿ? ಲ್ಯಾಬಿನ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ ಅಂತ 2015ರಲ್ಲಿ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಇಡೀ ಜಗತ್ತೇ ನೋಡಿತು; ಲ್ಯಾಬಿನ ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಡಿಮೆ ಬರುವಂತೆ ಆ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಮೋಸ ಮಾಡಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಎಂಬ ಹೊಗೆ ನಿಯಮದ ಗಾಡಿಗಳ ಬಗ್ಗೆ, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಅವುಗಳ ಯೂರಿಯಾ ಟ್ಯಾಂಕಿನ ಬಗ್ಗೆ ಹೇಳಬೇಕಿತ್ತು. ಗೋಳಿಬಜೆಯಲ್ಲೇ ಹೊತ್ತು ಹೋಯಿತು.

ಮಲ್ಪೆಯ ಬೋಟಿನವರಿಗೆ ಒಂದೇ ಮಾತು. ನಿಮಗೆ ಕಿಲೋಮೀಟರಿನ ಹಂಗೇ ಇಲ್ಲ. ಬಲೆ ಎಳೆಯುವಾಗ ಬೋಟು ನಿಧಾನ, ಇಂಜಿನ್ನಿಗೆ ಮಾತ್ರ ಕೈತುಂಬ ಕೆಲಸ. ಬಲೆ ಎಳೆದದ್ದು ಎಷ್ಟು ಗಂಟೆ, ಸುಮ್ನೆ ಓಡಿದ್ದು ಎಷ್ಟು ಗಂಟೆ, ಡೀಸೆಲ್ ಎಷ್ಟು ಲೀಟರ್, ಈ ಮೂರನ್ನು ಬರೆದಿಡಿ. ಆ ಪುಸ್ತಕ ನನಗೆ ಒಮ್ಮೆ ಕೊಡಿ. ಚಾ ನನ್ನ ಲೆಕ್ಕದಲ್ಲಿ. ನಮಸ್ಕಾರ.